ಡಿಸ್ಕ್ ನುಂಗುವ ಐದು ಡಬ್ಬಿಗಳು

ಮೂವತ್ತೊಂದು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತ ಮನುಷ್ಯನನ್ನು ಏಕಾಏಕಿ ಮನೆಯ ಸೋಫಾದ ಮೇಲೆ ಕೂರಿಸಿದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಡೊಂಬಿವಲಿಯ ವಸಂತಿಯಮ್ಮನನ್ನು ಕೇಳಬೇಕು. ಮುಂಬಯಿ ಪಕ್ಕದ ಠಾಣೆ ಪಟ್ಟಣದ ಕೋಪರಿಯಲ್ಲಿ ಅವರ ಗಂಡ ರಮಾಕಾಂತರು ನಡೆಸುತ್ತಿದ್ದ ಉಡುಪಿ ಹೋಟೆಲಿನ ಕಟ್ಟಡವನ್ನು ರೀಡೆವಲಪ್‌ಮೆಂಟ್ ಅಂತ ಕೆಡವಿದರು. ಮೊದಲ ವಾರ ರಮಾಕಾಂತರು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದರು. ಎರಡನೆಯ ವಾರ ಸಾಂಬಾರಿಗೆ ಬೆಲ್ಲ ಒಂಚೂರು ಕಡಿಮೆಯಾಯಿತು ಎಂದರು. ಮೂರನೆಯ ವಾರ, ಪಾರ್ಸೆಲ್ ತಂದ ಕೊರಿಯರಿನವನನ್ನು ಒಳಗೆ ಕರೆದು ಕೂರಿಸಿ, "ಎರಡು ಕಾಫಿ" ಎಂದು ಅಡುಗೆಮನೆಯತ್ತ ಕೂಗಿದರು. ಆವತ್ತು ವಸಂತಿಯಮ್ಮನ ತಾಳ್ಮೆ ಮುಗಿಯಿತು.

"ಮಾರಾಯ್ರೆ, ನೀವು ಎಲ್ಲಿಗಾದ್ರೂ ಹೋಗಿ. ಬೆಳಿಗ್ಗೆ ಹೋಗಿ, ಸಂಜೆ ಬನ್ನಿ. ಮೊದಲಿನ ಹಾಗೆ," ಎಂದರು.

ಹೋಗಲಿಕ್ಕೆ ಒಂದು ಜಾಗ ಇತ್ತು. ಮಗಳು ಅಮೂಲ್ಯಾ ನವಿ ಮುಂಬಯಿಯ ಕಂಪನಿ ಕೆಲಸ ಬಿಟ್ಟು ಎರಡು ವರ್ಷದ ಹಿಂದೆ ಕೋಪರಿಯಲ್ಲೇ, ಹೋಟೆಲಿದ್ದ ಗಲ್ಲಿಯಲ್ಲೇ, ಅಂಗಡಿ ತೆರೆದಿದ್ದಳು. ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲುಗಳನ್ನು ಹಳೆಯದಾದ ಮೇಲೆ ಕೊಂಡು, ಬಿಚ್ಚಿ, ಧೂಳು ಒರೆಸಿ, ಕೆಟ್ಟದ್ದನ್ನು ಸರಿಮಾಡಿ ಮಾರುವ ಅಂಗಡಿ. ಹತ್ತು ಅಡಿ ಉದ್ದ, ಏಳು ಅಡಿ ಅಗಲ. ಎರಡು ಸ್ಟೂಲುಗಳಿದ್ದವು, ರಮಾಕಾಂತರು ಮೂರನೆಯದನ್ನು ತಾವೇ ತಂದು ಬಾಗಿಲ ಪಕ್ಕ ಹಾಕಿಕೊಂಡರು.

ಹತ್ತು ದಿನ ಅಮೂಲ್ಯಾ ಸಹಿಸಿಕೊಂಡಳು. ಅಪ್ಪ ಗಿರಾಕಿಗಳಿಗೆ ಕಾಫಿ ತರಿಸಿದರು, ಕೂರಲಿಕ್ಕೆ ಹೇಳಿದರು, ಕಂಟ್ರೋಲರಿಗೆ ರಿಮೋಟು ಎಂದರು. ನಾಲ್ಕು ಮಂದಿ ಒಟ್ಟಿಗೆ ಬಂದರೆ ನಾಲ್ಕನೆಯವನು ರಸ್ತೆಯಲ್ಲಿ ನಿಲ್ಲಬೇಕಾಯಿತು. ಹನ್ನೊಂದನೆಯ ದಿನ ಮಗಳು ಸ್ಕ್ರೂಡ್ರೈವರ್ ಕೆಳಗಿಟ್ಟು ಮಾತು ತೆಗೆದಳು.

"ಪಪ್ಪಾ, ಬುರಾ ಮತ್ ಮಾನೋ, ಬೇಜಾರು ಮಾಡ್ಬೇಡಿ. ಇಲ್ಲಿ ಗಲ್ಲೆ ಅಂತಲೇ ಇಲ್ಲ. ಎಲ್ಲರೂ ಫೋನಲ್ಲಿ ಪೇ ಮಾಡ್ತಾರೆ. ನೀವು ಇಲ್ಲಿ ಕೂತು ಎಂತ ಮಾಡೋದು?"

"ಗಲ್ಲೆ ಅಂದ್ರೆ ದುಡ್ಡಿನ ಪೆಟ್ಟಿಗೆ ಅಂತ ತಿಳ್ಕೊಂಡಿದ್ದೀಯಾ? ಬಂದವರ ಮುಖ ನೋಡ್ಲಿಕ್ಕೆ ಒಬ್ಬ ಜನ ಬೇಕು ಮಗಾ."

ಅಮೂಲ್ಯಾ ಮೇಲಿನ ಶೆಲ್ಫಿನತ್ತ ಕೈ ತೋರಿಸಿದಳು. ಅಲ್ಲಿ ಐದು ಕಪ್ಪು ಡಬ್ಬಿಗಳು ಧೂಳು ತಿನ್ನುತ್ತ ಕೂತಿದ್ದವು. ಮುಂಭಾಗದಲ್ಲಿ ಡಿಸ್ಕ್ ತೂರಿಸಲು ಒಂದು ಸೀಳು ಇದ್ದ ಹಳೆಯ ಮಾಡೆಲು. ಈಗಿನ ಹುಡುಗರು ಗೇಮನ್ನು ನೆಟ್ಟಿನಿಂದ ಇಳಿಸಿಕೊಳ್ಳುತ್ತಾರೆ. ಡಿಸ್ಕ್ ಇಲ್ಲದ ತೆಳ್ಳನೆಯ ಮಾಡೆಲ್ ಇದ್ದರೆ ಕೊಡಿ ಎನ್ನುತ್ತಾರೆ. ಇವನ್ನು ಮೂಸಿ ನೋಡುವವರೂ ಇರಲಿಲ್ಲ.

"ಆಯುಧಪೂಜೆಯೊಳಗೆ ಈ ಐದನ್ನೂ ಮಾರಿ. ಮಾರಿದರೆ ಅಂಗಡಿಯ ಮುಂದಿನ ಜಾಗ ನಿಮ್ಮದು, ಸ್ಟೂಲ್ ಅಲ್ಲ, ಕುರ್ಚಿ ಹಾಕ್ತೇನೆ. ಇಲ್ಲ ಅಂದ್ರೆ ನೀವು ಮನೆಯಲ್ಲಿ ಆರಾಮಾಗಿರಿ. ಪ್ರಾಮಿಸ್?"

ಮನೆಯಲ್ಲಿ ಆರಾಮಾಗಿರುವುದು ಎಂದರೇನು ಎಂದು ರಮಾಕಾಂತರು ಮೂರು ವಾರ ಅನುಭವಿಸಿ ಬಂದಿದ್ದರು. "ಪ್ರಾಮಿಸ್," ಎಂದರು. ನಾಲ್ಕು ವಾರ ಉಳಿದಿತ್ತು.

ಮೊದಲ ವಾರ ಕೈಗೆ ಏನೂ ಹತ್ತಲಿಲ್ಲ. ಎರಡನೆಯ ವಾರ ಐರೋಳಿಯಿಂದ ಪ್ರಣೀತಾ ಎಂಬ ಹೆಂಗಸು ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಬಂದಳು. ಮಗನ ಕಣ್ಣು ಕನ್ಸೋಲಿನ ಮೇಲೆ, ತಾಯಿಯ ಕಣ್ಣು ಬಾಗಿಲ ಮೇಲೆ. ಅಮೂಲ್ಯಾ ಎಷ್ಟು ಜಿಬಿ, ಎಷ್ಟು ಫ್ರೇಮು ಎಂದು ವಿವರಿಸಿದಷ್ಟೂ ತಾಯಿಯ ಮುಖ ಗಂಟಿಕ್ಕಿತು. ಅಷ್ಟರಲ್ಲಿ ತಾಯಿಗೆ ಫೋನು ಬಂತು. "ಯಾನ್ ಠಾಣೆಡ್ ಉಲ್ಲೆ," ಎಂದು ತುಳುವಿನಲ್ಲಿ ಉತ್ತರಿಸಿದಳು. ರಮಾಕಾಂತರ ಬೆನ್ನು ನೆಟ್ಟಗಾಯಿತು.

"ಊರು ಎಲ್ಲಿ ಆಯ್ತಮ್ಮ?"

"ಕಾಪು."

"ಮದುವೆ ಊರಲ್ಲೇ ಆದದ್ದಾ?"

ಅಮೂಲ್ಯಾ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಆದರೆ ಪ್ರಣೀತಾಳ ಮುಖ ಸಡಿಲಾಯಿತು. ಮದುವೆ ಊರಲ್ಲೇ ಆದದ್ದು, ಇಡೀ ಊರೇ ಬಂದಿತ್ತು, ಎರಡು ಡಿಸ್ಕಿನ ವಿಡಿಯೋ ಇದೆ. ಆದರೆ ಡಿವಿಡಿ ಪ್ಲೇಯರು ಕೆಟ್ಟು ಆರು ವರ್ಷ. ರಿಪೇರಿ ಮಾಡುವವರಿಲ್ಲ, ಹೊಸದು ಅಂಗಡಿಯಲ್ಲಿ ಸಿಗುವುದಿಲ್ಲ. ಡಿಸ್ಕು ಕಪಾಟಿನಲ್ಲಿ ಸೀರೆಗಳ ಕೆಳಗೆ ಬಿದ್ದಿದೆ. ರಮಾಕಾಂತರು ಎದ್ದು, ಶೆಲ್ಫಿನಿಂದ ಒಂದು ಡಬ್ಬಿ ಇಳಿಸಿ, ಅಂಗಿಯ ತೋಳಿನಲ್ಲೇ ಧೂಳು ಒರೆಸಿದರು.

"ಇದು ಡಿಸ್ಕ್ ನುಂಗ್ತದೆ," ಎಂದರು. "ನೀವು ನಾಳೆ ಆ ಡಿಸ್ಕು ತನ್ನಿ. ಇಲ್ಲೇ ಹಾಕಿ ನೋಡುವ. ಓಡಿದರೆ ತಗೊಳ್ಳಿ, ಇಲ್ಲದಿದ್ದರೆ ಕಾಫಿ ಕುಡಿದು ಹೋಗಿ."

ಮರುದಿನ ಅವಳು ಡಿಸ್ಕು ತಂದಳು. ಅಂಗಡಿಯ ಟಿವಿಯಲ್ಲಿ ಧಾರೆ, ಊಟದ ಪಂಕ್ತಿ, ವಿಡಿಯೋದವನು ಹಾಕಿದ ಗುಲಾಬಿ ಹೂವಿನ ಚೌಕಟ್ಟು ಎಲ್ಲವೂ ಓಡಿದವು. ಚಾರ್ಜರ್ ಕೇಳಲು ಬಂದ ಇಬ್ಬರು ನಿಂತು ಮಂಟಪ ನೋಡಿದರು. "ನೋಡಿ ನೋಡಿ, ನಮ್ಮವರು ಆಗ ಎಷ್ಟು ಸಪೂರ ಇದ್ರು," ಎಂದು ಪ್ರಣೀತಾ ಬಿದ್ದುಬಿದ್ದು ನಕ್ಕಳು. ಡಬ್ಬಿ ಚೀಲ ಸೇರಿತು. ಮಗ ಅದು ತನ್ನ ಆಟಕ್ಕೆ ಬಂದಿದೆ ಎಂದುಕೊಂಡ, ತಾಯಿ ತನ್ನ ಮದುವೆಗೆ ಬಂದಿದೆ ಎಂದುಕೊಂಡಳು, ಇಬ್ಬರೂ ಖುಷಿಯಿಂದ ಐರೋಳಿಯ ರೈಲು ಹತ್ತಿದರು.

"ಹೌ, ಪಪ್ಪಾ?" ಅಮೂಲ್ಯಾ ನಿಜವಾಗಿಯೂ ಬೆರಗಾಗಿದ್ದಳು.

ರಮಾಕಾಂತರು ಕಾಲ ಮೇಲೆ ಕಾಲು ಹಾಕಿದರು. ಅವರ ಖುಷಿ ಅಡಗುವ ಜಾತಿಯದಲ್ಲ. "ಹೋಟೆಲಿಗೆ ಯಾರೂ ಸಾಂಬಾರಿಗೆ ಅಂತ ಬರುವುದಿಲ್ಲ. ಇಡ್ಲಿಗೇ ಬರುವುದು. ಆದರೆ ಸಾಂಬಾರು ಚೆಂದ ಇಲ್ಲದ ಕಡೆಗೆ ಇಡ್ಲಿಗೂ ಬರುವುದಿಲ್ಲ. ನೀನು ಇಡ್ಲಿಯನ್ನು ಹೊಗಳಿ ಹೊಗಳಿ ಸುಸ್ತಾದೆ. ಆ ಹುಡುಗನಿಗೆ ಇಡ್ಲಿ ಬೇಕೇ ಇತ್ತು. ತಾಯಿಗೆ ಒಂದು ಸೌಟು ಸಾಂಬಾರು ಯಾರೂ ಬಡಿಸಿರಲಿಲ್ಲ, ಅಷ್ಟೆ."

ಅಮೂಲ್ಯಾ ತಲೆಯಾಡಿಸಿದಳು. "ಸಹೀ ಹೈ. ಇಪ್ಪತ್ತು ವರ್ಷದ ಹಿಂದೆ ಒಂದು ಮಾಡೆಲ್ ಹಾಗೇ ಓಡಿದ್ದಂತೆ. ಜನ ಗೇಮಿಗಿಂತ ಮೊದಲು ಸಿನಿಮಾ ನೋಡ್ಲಿಕ್ಕೆ ಅಂತ ಮನೆಗೆ ತಂದ್ರು ಅಂತಾರೆ."

"ನೋಡು! ಅವರ ಕಂಪನಿಯಲ್ಲೂ ಒಬ್ಬ ಹೋಟೆಲಿನವನು ಇದ್ದಿರಬೇಕು."

ಆಮೇಲೆ ರಮಾಕಾಂತರ ಕೈ ತಡೆಯಲಿಲ್ಲ. ಬದಲಾಪುರದ ಬ್ಯಾಂಕ್ ನೌಕರರೊಬ್ಬರು ಮಗನ ಉಪನಯನದ ಡಿಸ್ಕು ತಂದರು. ಮಾಜಿವಾಡಾದ ಮರಾಠಿ ಟೀಚರು ಮಗಳ ಮೊದಲ ನೃತ್ಯದ ಡಿಸ್ಕು ತಂದರು. ಕೋಪರಿಯ ಅಜ್ಜನೊಬ್ಬ ಊರಿನ ಯಕ್ಷಗಾನದ ಮೂರು ಡಿಸ್ಕು ತಂದು, ಅಂಗಡಿಯಲ್ಲೇ ಒಂದು ಪ್ರಸಂಗ ಪೂರ್ತಿ ನೋಡಿ ಎದ್ದ. ರಮಾಕಾಂತರು ಒಂದೇ ನಿಯಮ ಇಟ್ಟುಕೊಂಡಿದ್ದರು: ಡಿಸ್ಕು ಅಂಗಡಿಯಲ್ಲಿ ಓಡಬೇಕು, ಗಿರಾಕಿ ಕಣ್ಣಾರೆ ನೋಡಬೇಕು, ಆಮೇಲೆಯೇ ವ್ಯಾಪಾರ. ಹೋಟೆಲಿನಲ್ಲೂ ಹಾಗೆಯೇ, ಬೆಳಗಿನ ಮೊದಲ ಸೌಟು ಚಟ್ನಿ ಅವರ ನಾಲಗೆಯ ಮೇಲೆ ಬೀಳದೆ ಹೊರಗೆ ಹೋಗುತ್ತಿರಲಿಲ್ಲ.

ನಾಲ್ಕು ಡಬ್ಬಿ ಹೋದವು. ಒಂದು ಉಳಿಯಿತು. ಆಯುಧಪೂಜೆಗೆ ಆರು ದಿನವಿತ್ತು.

ಆ ಭಾನುವಾರ ಅಮೂಲ್ಯಾ ಹಳೇ ಮಾಲು ನೋಡಲು ವಾಶಿಗೆ ಹೋಗಿದ್ದಾಗ ಸಿದ್ರಾಮ ಬಂದ. ಕಲಬುರಗಿ ಕಡೆಯವನು. ಹದಿನೈದು ವರ್ಷ ಹೋಟೆಲಿಗೆ ಅಕ್ಕಿ ಮೂಟೆ ಇಳಿಸಿದವನು. ಈಗ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹನ್ನೆರಡು ಹಮಾಲರನ್ನು ನಡೆಸುವ ಮುಕಾದಮ, ಸ್ವಂತ ಟೆಂಪೋ ಇದೆ. ಕಾಲೇಜಿಗೆ ಹೋಗುವ ಮಗ ಆಕಾಶ ಒಂದು ವರ್ಷದಿಂದ ಕನ್ಸೋಲು ಬೇಕೆಂದು ಪೀಡಿಸುತ್ತಿದ್ದ. ಹೆಂಡತಿ ಸತ್ಯಮ್ಮ ಬ್ಯಾಡ ಎಂದು ಕೂತಿದ್ದಳು.

"ಹುಡುಗ ಮೊದಲೇ ನಮ್ಮ ಕೂಡ ಮಾತಾಡಂಗಿಲ್ರಿ ಅಣ್ಣಾರ," ಎಂದ ಸಿದ್ರಾಮ. "ನಾವು ಕನ್ನಡದಾಗ ಕೇಳಿದ್ರ ಅಂವ ಹಿಂದಿಯೊಳಗ ಹೇಳ್ತಾನ. ಉಂಡು ಫೋನ್ ಹಿಡಕೊಂಡು ಮೂಲಿ ಸೇರ್ತಾನ. ಇದನ್ನೂ ತಂದ್ರ ಪೂರಾ ಕೈಬಿಟ್ಟು ಹೋಗ್ತಾನ ಅಂತಾಳ ಅವರವ್ವ."

"ನಿಮ್ಮ ಮದುವೆಯ ಡಿಸ್ಕು ಉಂಟಾ ಸಿದ್ರಾಮ?"

ಇತ್ತು. ಎರಡು ಸಾವಿರದ ಮೂರರಲ್ಲಿ ಆದ ಮದುವೆ. ಅದರಲ್ಲಿ ಸತ್ಯಮ್ಮನ ತಾಯಿ ಅರಿಷಿಣ ಹಚ್ಚುವಾಗ ಹಾಡಿದ್ದಾಳೆ. ಆ ತಾಯಿ ತೀರಿಕೊಂಡು ಏಳು ವರ್ಷ. ಅವಳ ದನಿ ಬೇರೆಲ್ಲೂ ಇಲ್ಲ, ಆ ಡಿಸ್ಕಿನಲ್ಲಿ ಬಿಟ್ಟು. ಸತ್ಯಮ್ಮ ಅದನ್ನು ಮದುವೆ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾಳೆ.

"ತಂದು ಇಲ್ಲೇ ಹಾಕಿ ನೋಡುವ."

"ಮನಿ ಬಿಟ್ಟು ಹೊರಗ ಕಳಸಂಗಿಲ್ರಿ ಆಕಿ. ಗೀರು ಬೀಳ್ತದ ಅಂತಾಳ."

ಇಲ್ಲಿ ರಮಾಕಾಂತರು ತಮ್ಮ ನಿಯಮ ಮುರಿದರು. ಮುರಿದದ್ದು ದುರಾಸೆಯಿಂದ ಎಂದರೆ ಅನ್ಯಾಯವಾದೀತು. ಕುರ್ಚಿಯ ಆಸೆ ಒಂದು ಪಾಲು ಇತ್ತು, ಆ ತಾಯಿಯ ದನಿ ಮೂರು ಪಾಲು ಇತ್ತು. "ಡಬ್ಬಿ ತಗೊಂಡು ಹೋಗು. ಈಗ ಏನೂ ಕೊಡಬೇಡ. ಸತ್ಯಮ್ಮ ಅವರಮ್ಮನ ಹಾಡು ಕೇಳಲಿ, ಆಮೇಲೆ ಕೊಡು. ಮದುವೆ ಡಿಸ್ಕು ಇದರಲ್ಲಿ ಓಡಿಯೇ ಓಡ್ತದೆ, ನನ್ನ ಮಾತು," ಎಂದರು.

ಸಂಜೆ ಅಮೂಲ್ಯಾ ಖಾಲಿ ಶೆಲ್ಫು ನೋಡಿ ಕುಣಿದಳು. ಆಮೇಲೆ ಕೇಳಿದಳು: "ಡಿಸ್ಕ್ ಟೆಸ್ಟ್ ಮಾಡಿದ್ರಲ್ಲ?"

"ಮದುವೆ ಡಿಸ್ಕು ಮಗಾ. ಅದರಲ್ಲಿ ಎಂತ ಟೆಸ್ಟು?"

"ಯಾವ ವರ್ಷದ ಮದುವೆ?"

"ಎರಡು ಸಾವಿರದ ಮೂರು."

ಅಮೂಲ್ಯಾ ನಿಧಾನಕ್ಕೆ ಕೂತಳು. "ಪಪ್ಪಾ, ಆಗ ಹಳ್ಳಿ ಸ್ಟುಡಿಯೋದವರು ಹೆಚ್ಚಾಗಿ ವಿಸಿಡಿ ಮಾಡ್ತಿದ್ರು. ಡಿವಿಡಿ ಅಲ್ಲ. ನೋಡ್ಲಿಕ್ಕೆ ಎರಡೂ ಸೇಮ್. ಆದ್ರೆ ಈ ಮಷಿನ್ ವಿಸಿಡಿ ಓದುವುದಿಲ್ಲ."

ರಮಾಕಾಂತರ ಮಟ್ಟಿಗೆ ಡಿಸ್ಕು ಎಂದರೆ ಡಿಸ್ಕು. ದುಂಡಗೆ, ಹೊಳೆಯುತ್ತ, ನಡುವೆ ತೂತು. ಫೋನು ಮಾಡಲು ಕೈ ಹಾಕುವಷ್ಟರಲ್ಲಿ ಅದೇ ರಿಂಗಾಯಿತು.

"ಅಣ್ಣಾರ," ಸಿದ್ರಾಮನ ದನಿ ಮೆತ್ತಗಿತ್ತು. "ಡಬ್ಬಿ ಡಿಸ್ಕ್ ನುಂಗ್ತದ್ರಿ. ನುಂಗಿ ಹೊರಗ ಉಗುಳತದ."

ಅಮೂಲ್ಯಾ ಬೈಯಲಿಲ್ಲ. "ವಾಪಸ್ ತಂದುಬಿಡಿ, ಪಪ್ಪಾ. ಹೋತಾ ಹೈ," ಎಂದಳಷ್ಟೆ. ರಮಾಕಾಂತರಿಗೆ ಮಾತ್ರ ಆ ರಾತ್ರಿಯ ಊಟ ಸೇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ತಟ್ಟೆ ಹಿಂದಕ್ಕೆ ಬಂದಾಗಲೆಲ್ಲ ಅವರು ವಾದ ಮಾಡದೆ ಹೊಸದು ಕೊಡಿಸಿದ್ದರು. ಈ ತಟ್ಟೆಗೆ ಬದಲಿ ಎಲ್ಲಿಂದ ತರುವುದು? ನಾಚಿಕೆ ಎಂದರೆ ಏನು ಎಂದು ಅರವತ್ತನೆಯ ವಯಸ್ಸಿನಲ್ಲಿ ಹೊಸದಾಗಿ ತಿಳಿದಂತಾಯಿತು.

ಮರುದಿನ ಬೆಳಿಗ್ಗೆ ಅವರು ಠಾಣೆಗೆ ಹೋಗುವ ಬದಲು ಎದುರು ದಿಕ್ಕಿನ ಲೋಕಲ್ ಹಿಡಿದು ಕಲ್ಯಾಣಕ್ಕೆ ಹೋದರು. ಕೋಳಸೇವಾಡಿಯ ಗಲ್ಲಿಯೊಳಗೆ ಸಿದ್ರಾಮನ ಎರಡು ಕೋಣೆಯ ಮನೆ. ಸತ್ಯಮ್ಮ ಒಂದು ಮಾತೂ ಗದರಲಿಲ್ಲ. ಅದೇ ಕಷ್ಟವಾಯಿತು. ಹಿಂದಿನ ಸಂಜೆ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದು, ಚಾಪೆ ಹಾಸಿ, "ನಮ್ಮವ್ವ ಹಾಡ್ತಾಳ, ಕೇಳ್ರಿ" ಎಂದಿದ್ದಳಂತೆ. ಎಲ್ಲರೂ ಚಹಾ ಕುಡಿದು ಎದ್ದುಹೋದರಂತೆ.

"ತಪ್ಪು ನನ್ನದು," ಎಂದರು ರಮಾಕಾಂತರು. "ತಿಳಿಯದೆ ಮಾತು ಕೊಟ್ಟೆ. ಆ ಡಿಸ್ಕು ನನ್ನ ಕೈಗೆ ಕೊಡಿ ಸತ್ಯಮ್ಮಾ. ಬೇರೆ ದಾರಿ ಉಂಟಾ ನೋಡ್ತೇನೆ. ಅಲ್ಲಿವರೆಗೆ ಡಬ್ಬಿ ಇಲ್ಲೇ ಇರಲಿ, ಹುಡುಗ ಆಡಿಕೊಳ್ಳಲಿ. ಕೊನೆಗೆ ಆಗದಿದ್ದರೆ ನಾನೇ ಬಂದು ಒಯ್ಯುತ್ತೇನೆ."

ಸತ್ಯಮ್ಮ ಟ್ರಂಕಿನಿಂದ ಎರಡು ಡಿಸ್ಕು ತೆಗೆದು, ರವಿಕೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. "ನಿಮ್ಮ ಕೈಯಾಗ ಅಂತ ಕೊಡ್ಲಾಕತ್ತೀನ್ರಿ," ಎಂದಳು.

ರಮಾಕಾಂತರು ಆ ಗಂಟನ್ನು ತಾವು ತಂದಿದ್ದ ಊಟದ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದರು. ಅದಕ್ಕೂ ಮುಂಚೆ ಅದರೊಳಗಿದ್ದ ನೀರುದೋಸೆಯನ್ನು ಸತ್ಯಮ್ಮನ ತಟ್ಟೆಗೆ ಹಾಕಿದ್ದರು. ರೈಲಿನಲ್ಲಿ ಆಫೀಸಿನ ಜನ ನುಗ್ಗಿದಾಗ ಡಬ್ಬಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದರು. "ಅಂಕಲ್, ಅಂದರ್ ಸೋನಾ ಹೈ ಕ್ಯಾ?" ಎಂದು ಒಬ್ಬ ನಕ್ಕ. ಹೌದು, ಚಿನ್ನವೇ ಎಂದರು.

ಠಾಣೆ ಸ್ಟೇಷನ್ನಿನ ಕೋಪರಿ ಬದಿಯಲ್ಲಿ ದಿಲೀಪನ ಫೋಟೋ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಫೋಟೋ ತೆಗೆಯುವ ದಿಲೀಪ ಹಳೆಯ ಕಂಪ್ಯೂಟರನ್ನು ಬಿಸಾಡಿರಲಿಲ್ಲ. ಅದಕ್ಕೆ ಡಿಸ್ಕ್ ಓದುವ ಬಾಯಿ ಇನ್ನೂ ಇತ್ತು. ಡಿಸ್ಕಿನಲ್ಲಿರುವುದನ್ನು ಅದರಲ್ಲಿ ಇಳಿಸಿ ಪೆನ್ ಡ್ರೈವಿಗೆ ಹಾಕಬಹುದು ಎಂದು ಅಮೂಲ್ಯಾ ಹೇಳಿಕೊಟ್ಟಿದ್ದಳು. ಮೊದಲ ಡಿಸ್ಕು ಸಲೀಸಾಗಿ ಇಳಿಯಿತು. ಅದರಲ್ಲಿ ಬರೀ ಮೆರವಣಿಗೆ. ಅರಿಷಿಣ ಇದ್ದದ್ದು ಎರಡನೆಯದರಲ್ಲಿ. ಅದು ಗೀರು ಬಿದ್ದು ನಡುವಿನಲ್ಲಿ ನಿಂತಿತು. ದಿಲೀಪನಿಗೋ ಹಬ್ಬದ ಗಡಿಬಿಡಿ. "ಉದ್ಯಾ ಯಾ, ಕಾಕಾ," ಎಂದ. ನಾಳೆ ಬನ್ನಿ ಎಂದವನ ಬಳಿಗೆ ರಮಾಕಾಂತರು ನಾಳೆಯೂ ಹೋದರು, ನಾಡಿದ್ದೂ ಹೋದರು. ದಿನಾ ಒಂದು ಫ್ಲಾಸ್ಕ್ ಕಾಫಿ ಒಯ್ದು, ಯಂತ್ರ ಇಷ್ಟಿಷ್ಟೇ ಓದುವುದನ್ನು ನೋಡುತ್ತ ಕೂತರು. ನಾಲ್ಕನೆಯ ದಿನ ಕಾಫಿಯ ಋಣಕ್ಕೋ ಏನೋ, ದಿಲೀಪ ಬೇರೊಂದು ಸಾಫ್ಟ್‌ವೇರ್ ಹುಡುಕಿ ಹಾಕಿದ. ಐದನೆಯ ದಿನ ಮಧ್ಯಾಹ್ನ ಡಿಸ್ಕು ಪೂರ್ತಿ ಇಳಿಯಿತು.

ದಿಲೀಪ ಅದನ್ನು ಒಮ್ಮೆ ಓಡಿಸಿ ತೋರಿಸಿದ. ಹಸಿರು ಚಪ್ಪರದ ಕೆಳಗೆ ಹದಿನೆಂಟರ ಸತ್ಯಮ್ಮ, ಮುಖವೆಲ್ಲ ಅರಿಷಿಣ. ಪಕ್ಕದಲ್ಲಿ ದೊಡ್ಡ ಮೂಗುತಿಯ ಹೆಂಗಸು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಉಳಿದವರು ಹಿಂದೆ ಹಿಂದೆ ಹೇಳುತ್ತಿದ್ದರು. ಆ ಕಡೆಯ ಕನ್ನಡ ರಮಾಕಾಂತರಿಗೆ ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ಕಣ್ಣು ಒದ್ದೆಯಾಯಿತು.

ದಿಲೀಪ ಪೆನ್ ಡ್ರೈವ್ ಕಿತ್ತು ಕೈಗಿತ್ತ. "ಕಾಕಾ, ಹೇ ಕುಠಲ್ಯಾಹಿ ಟೀವೀವರ್ ಚಾಲೇಲ್," ಎಂದ. ಯಾವ ಟಿವಿಯಲ್ಲಾದರೂ ಓಡುತ್ತದೆ. ಹಿಂದಿನ ತೂತಿಗೆ ಸಿಕ್ಕಿಸಿದರೆ ಆಯಿತು.

ರಮಾಕಾಂತರ ಖುಷಿ ಅಲ್ಲೇ ನಿಂತಿತು. ಟಿವಿಯೇ ಹಾಡು ಹೇಳುವುದಾದರೆ ಸತ್ಯಮ್ಮನಿಗೆ ಡಬ್ಬಿ ಯಾಕೆ ಬೇಕು? ಅವರು ಹೇಳದಿದ್ದರೆ ಅವಳಿಗೆ ತಿಳಿಯುವುದಿಲ್ಲ. ಪೆನ್ ಡ್ರೈವನ್ನು ಡಬ್ಬಿಗೇ ಸಿಕ್ಕಿಸಿ ಹಾಡು ಕೇಳಿಸಬಹುದು, ಅದೂ ಓಡುತ್ತದೆ, ಸುಳ್ಳೇನೂ ಅಲ್ಲ. ಐದನೆಯದೂ ಹೋಗುತ್ತದೆ, ಕುರ್ಚಿಯೂ ಬರುತ್ತದೆ. ಹೇಳಿದರೆ ಡಬ್ಬಿ ವಾಪಸು, ತಾವೂ ಸೋಫಾಕ್ಕೆ ವಾಪಸು.

ಮರುದಿನ ಮಹಾನವಮಿ. ಅಂಗಡಿಯಲ್ಲಿ ಪೂಜೆ ಸಂಜೆಗಿದ್ದುದರಿಂದ ಬೆಳಿಗ್ಗೆ ಅಮೂಲ್ಯಾ ಅಪ್ಪನ ಜೊತೆ ಕಲ್ಯಾಣಕ್ಕೆ ಹೊರಟಳು. ರೈಲಿನಲ್ಲಿ ರಮಾಕಾಂತರು ವಿಷಯ ಬಾಯಿಬಿಟ್ಟರು.

"ನನಗೆ ಗೊತ್ತಿತ್ತು," ಎಂದಳು ಅಮೂಲ್ಯಾ. "ನಿಮಗೆ ಹೇಳಲಿಲ್ಲ. ಹೇಳಿದ್ರೆ ನೀವು ಹೋಗಿ ಅವರಿಗೆ ಹೇಳ್ತೀರಿ ಅಂತ."

"ಈಗ ಎಂತ ಮಾಡುವ?"

"ನಿಮ್ಮ ಗಿರಾಕಿ. ನೀವೇ ಡಿಸೈಡ್ ಮಾಡಿ." ಆಮೇಲೆ ಸಣ್ಣ ದನಿಯಲ್ಲಿ, "ಆದ್ರೆ ಪ್ರಾಮಿಸ್ ಪ್ರಾಮಿಸ್ ಹೋತಾ ಹೈ, ಪಪ್ಪಾ," ಎಂದಳು.

ರಮಾಕಾಂತರು ಒಂದು ದೊಡ್ಡ ಖಾಲಿ ಚೀಲ ತಂದಿದ್ದರು. ಅದನ್ನು ಮಡಿಸಿ ಕಂಕುಳಲ್ಲಿ ಒತ್ತಿಕೊಂಡರು.

ಕೋಳಸೇವಾಡಿಯ ಗಲ್ಲಿಯಲ್ಲಿ ಸಿದ್ರಾಮನ ಟೆಂಪೋ ಚೆಂಡುಹೂವಿನ ಮಾಲೆ ಹಾಕಿಕೊಂಡು ಮದುಮಗನಾಗಿ ನಿಂತಿತ್ತು. ಒಳಗೆ ಹೋದೊಡನೆ ರಮಾಕಾಂತರ ಕಣ್ಣು ಟಿವಿಯ ಪಕ್ಕಕ್ಕೆ ಹೋಯಿತು. ಡಬ್ಬಿ ಅಲ್ಲಿರಲಿಲ್ಲ. ಕಟ್ಟಿಟ್ಟಿದ್ದಾರೆ, ವಾಪಸು ಕೊಡಲು ತಯಾರಾಗಿದ್ದಾರೆ ಎಂದುಕೊಂಡರು.

"ಸತ್ಯಮ್ಮಾ, ಹಾಡು ಸಿಕ್ಕಿದೆ. ಇಗೋ ಈ ಬೆರಳುದ್ದದ್ದರಲ್ಲಿ ಉಂಟು. ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ಇದು ನಿಮ್ಮ ಟಿವಿಯಲ್ಲೇ ಓಡ್ತದೆ. ನಾನು ಕೊಟ್ಟ ಡಬ್ಬಿ ಇದಕ್ಕೆ ಬೇಕಾಗಿಲ್ಲ."

ಅಮೂಲ್ಯಾ ಕಿಟಕಿಯಾಚೆ ನೋಡಿದಳು. ಮಗ ಆಕಾಶ ಪೆನ್ ಡ್ರೈವ್ ತೆಗೆದುಕೊಂಡು ಟಿವಿಯ ಹಿಂದೆ ಸಿಕ್ಕಿಸಿದ.

ಹಸಿರು ಚಪ್ಪರ ಬಂತು. ಅರಿಷಿಣ ಬಂತು. ಮೂಗುತಿಯ ತಾಯಿ ಕಣ್ಣು ಮುಚ್ಚಿ ದನಿ ತೆಗೆದಳು. ಸತ್ಯಮ್ಮ ನಿಂತಲ್ಲೇ ಕುಸಿದು ಕೂತಳು. ಸೆರಗು ಬಾಯಿಗೊತ್ತಿಕೊಂಡು ಅತ್ತಳು, ಅಳುತ್ತಲೇ ತಾಯಿಯ ಹಿಂದೆ ಹಿಂದೆ ಹಾಡಿದಳು. ಪಕ್ಕದ ಮನೆಯ ಹೆಂಗಸರು ಕರೆಯದೆಯೇ ಬಂದು ಬಾಗಿಲಲ್ಲಿ ನಿಂತರು. ಸಿದ್ರಾಮ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ಹಾಡು ಮುಗಿದಾಗ ಸತ್ಯಮ್ಮ "ಇನ್ನೊಮ್ಮಿ ಹಚ್ಚೋ" ಎಂದಳು; ಇನ್ನೊಮ್ಮೆ ಹಾಡಾಯಿತು.

ಎಲ್ಲರೂ ಸುಧಾರಿಸಿಕೊಂಡ ಮೇಲೆ ರಮಾಕಾಂತರು ಚೀಲ ಬಿಡಿಸಿದರು. "ನನ್ನ ಮಾತು ಒಂದು ರೀತಿಯಲ್ಲಿ ಉಳಿಯಿತು, ಅದೇ ಸಾಕು. ಡಬ್ಬಿ ಎಲ್ಲಿಟ್ಟಿದ್ದೀರಿ? ಕೊಡಿ, ಒಯ್ಯುತ್ತೇನೆ."

"ಎಲ್ಲಿಗ್ರಿ?" ಎಂದಳು ಸತ್ಯಮ್ಮ.

"ಅಂಗಡಿಗೆ."

ಸತ್ಯಮ್ಮ ಎದ್ದು ಒಳಕೋಣೆಯ ಪರದೆ ಸರಿಸಿದಳು. ಬೆಳಗಿನ ಖಂಡೇಪೂಜೆಯ ಊದುಬತ್ತಿ ಇನ್ನೂ ಹೊಗೆಯಾಡುತ್ತಿತ್ತು. ಮಣೆಯ ಮೇಲೆ ಹೊಸ ಬಟ್ಟೆ ಹಾಸಿ ಮನೆಯ ಆಯುಧಗಳನ್ನೆಲ್ಲ ಇಟ್ಟಿದ್ದರು: ಮೂಟೆ ಎತ್ತುವ ಕಬ್ಬಿಣದ ಕೊಕ್ಕೆ, ಟೆಂಪೋದ ಕೀಲಿ, ಕುಡುಗೋಲು, ಈಳಿಗೆ. ಅವುಗಳ ನಟ್ಟನಡುವೆ ಕಪ್ಪು ಡಬ್ಬಿ ಕೂತಿತ್ತು. ಡಿಸ್ಕ್ ನುಂಗುವ ಬಾಯಿಯ ಮೇಲೆ ಅರಿಷಿಣ ಕುಂಕುಮ, ತಲೆಯ ಮೇಲೆ ಚೆಂಡುಹೂವು. ಎರಡು ಕಂಟ್ರೋಲರುಗಳಿಗೂ ಒಂದೊಂದು ಬೊಟ್ಟು.

"ಪೂಜಿ ಮಾಡಿದ್ದನ್ನ ಹೊಳ್ಳಿ ಕೊಡತಾರೇನ್ರಿ ಅಣ್ಣಾರ?"

ರಮಾಕಾಂತರು ಡಬ್ಬಿಯತ್ತ ಬಗ್ಗಿ ನೋಡಿದರು. "ಪೂಜೆ ಮಾಡುವಾಗ ಹಾಡು ಸಿಕ್ಕಿದ್ದು ನಿಮಗೆ ಗೊತ್ತೇ ಇರಲಿಲ್ಲವಲ್ಲ?"

"ಅದರ ಮಾತ ಬ್ಯಾರೆ, ಇದರ ಮಾತ ಬ್ಯಾರೆ," ಎಂದಳು ಸತ್ಯಮ್ಮ. "ಮೊನ್ನಿ ಸೋಮಾರ ನೀವು ಹ್ವಾದ ಮ್ಯಾಲ ಈ ಹುಡುಗ ಒಬ್ಬನೇ ಆಡ್ಲಾಕತ್ತಿದ್ದ. ಕಾರಿನ ಆಟ. ಜೋಡಿ ಯಾರೂ ಇಲ್ಲ ಅಂತ ಇನ್ನೊಂದು ರಿಮೋಟ ನನ್ನ ಕೈಯಾಗ ಕೊಟ್ಟ. ನಾ ಏನ್ ಬಲ್ಲೆ? ಸೀದಾ ಗ್ವಾಡಿಗಿ ಹಾಯಿಸಿದೆ. ಆಗ ಹೆಂಗ ಒದರಿದ ಗೊತ್ತೇನ್ರಿ? 'ಯವ್ವಾ, ಬಲಕ್ಕ ಹೊಳ್ಳಸು, ಬಲಕ್ಕ! ಎಡಕ್ಕ ಬ್ಯಾಡ!' ನನ್ನ ಮಗ ಕನ್ನಡದಾಗ ಒದರಿದ್ರಿ! ಹತ್ತ ವರ್ಷ ಆಗಿತ್ತು ಆ ಬಾಯಿಂದ ಯವ್ವಾ ಅಂತ ಕೇಳಿ. ಮಮ್ಮಿ, ಮಮ್ಮಿ ಅಂತಿದ್ದ. ಈಗ ದಿನಾ ಸಂಜಿಮುಂದ ನನ್ನ ಬಾಜೂ ಕುಂದರತಾನ. ಆಟದಾಗ ಬಿದ್ರ ಹಿಂದಿ ಮರತೇ ಹೋಗ್ತದ ಅವಂಗ."

"ನಾ ಸುದ್ದಿ ನ್ವಾಡಿ ಐದ ದಿನ ಆತ್ರಿ," ಎಂದು ಸಿದ್ರಾಮ ಗೊಣಗಿದ. ಮುಖದ ತುಂಬ ನಗು ಇತ್ತು. "ತಾಯಿ ಮಗ ಟಿವಿ ಬಿಡವಲ್ರು."

ಆಕಾಶನ ಕಿವಿ ಕೆಂಪಾಯಿತು. "ಮಮ್ಮಿ ಚೀಟಿಂಗ್ ಕರ್ತೀ ಹೈ," ಎಂದು ಹಿಂದಿಯಲ್ಲಿ ದೂರಿದ. ತಾಯಿ ಕಣ್ಣು ಕೆಕ್ಕರಿಸಿದಾಗ, "ಹೌದ, ಮೋಸ ಮಾಡ್ತಾಳ ಯವ್ವ," ಎಂದು ತಿದ್ದಿಕೊಂಡ. ಬಾಗಿಲಲ್ಲಿದ್ದ ಹೆಂಗಸರೆಲ್ಲ ನಕ್ಕರು.

ಅಮೂಲ್ಯಾ ಅಪ್ಪನ ಕೈಯಲ್ಲಿದ್ದ ಖಾಲಿ ಚೀಲವನ್ನು ತೆಗೆದುಕೊಂಡು ಮಡಿಸಿದಳು. ಅಂಗಡಿಯಲ್ಲಿ ಕೂತು ಅಪ್ಪ ಹೇಳಿದ ಇಡ್ಲಿ ಸಾಂಬಾರಿನ ಲೆಕ್ಕಾಚಾರ ಅವಳಿಗೆ ಈಗ ಪೂರ್ತಿ ಅರ್ಥವಾಗಿತ್ತು. ಹಾಡಿನ ಆಸೆಗೆ ಸತ್ಯಮ್ಮ ಡಬ್ಬಿಯನ್ನು ಹೊಸ್ತಿಲು ದಾಟಲು ಬಿಟ್ಟಿದ್ದಳು. ಒಳಗೆ ಬಂದ ಮೇಲೆ ಆಟ ತನ್ನ ಕೆಲಸ ತಾನೇ ಮಾಡಿಕೊಂಡಿತ್ತು.

ಸತ್ಯಮ್ಮ ಎಲ್ಲರಿಗೂ ಹೋಳಿಗೆ ಬಡಿಸಿದಳು. ಬಡಿಸುತ್ತ, "ಮುಂದ ಇದು ಕೆಟ್ಟು ನಿಂತ್ರ ಯಾರಿಗಿ ಫೋನ್ ಮಾಡೋದವ್ವ?" ಎಂದು ಅಮೂಲ್ಯಾಳನ್ನು ಕೇಳಿದಳು.

"ಪಪ್ಪನಿಗೇ ಮಾಡಿ ಮಾವಶಿ," ಎಂದಳು ಅಮೂಲ್ಯಾ. "ದಿನಾ ಬೆಳಿಗ್ಗೆ ಒಂಬತ್ತರಿಂದ ಗಲ್ಲೆಯಲ್ಲಿ ಅವರೇ ಇರ್ತಾರೆ."

ರಮಾಕಾಂತರು ತಲೆ ಎತ್ತಲಿಲ್ಲ. ಹೋಳಿಗೆಯ ಒಂದು ತುಂಡು ಮುರಿದು ಬಾಯಿಗಿಟ್ಟು, ಕಣ್ಣು ಒರೆಸಿಕೊಂಡು, ಚೆನ್ನಾಗಿ ಅಗಿದು ನುಂಗಿದರು.

"ಬೆಲ್ಲ ಒಂಚೂರು ಕಡಿಮೆಯಾಯಿತು ಸತ್ಯಮ್ಮಾ," ಎಂದರು.